ಹಳೆಯ ಲಾರಿಯ ಮೈಲೇಜ್: ರಿಪೇರಿಗೂ ಒಂದು ಕ್ರಮವಿದೆ

ಬಳಸಿದ ಲಾರಿಯ ಮೈಲೇಜ್ ಇಳಿಯಲು ಎಂಜಿನ್ ಒಂದೇ ಕಾರಣವಲ್ಲ. ಹವಾ ಇಳಿದ ಟೈರು, ಹಿಡಿದುಕೊಂಡ ಬ್ರೇಕು, ಧೂಳು ಕಟ್ಟಿದ ಏರ್ ಫಿಲ್ಟರ್, ಸವೆದ ನಾಝಲ್, ಜಾರುವ ಕ್ಲಚ್ಚು ಎಲ್ಲವೂ ಡೀಸೆಲ್ ತಿನ್ನುತ್ತವೆ. ಡೀಸೆಲ್‌ನಲ್ಲಿರುವ ಶಕ್ತಿಯಲ್ಲಿ ಗಾಲಿಗೆ ತಲುಪುವುದು ಸುಮಾರು ಮೂರನೇ ಒಂದು ಪಾಲು. ಉಳಿದದ್ದು ಶಾಖವಾಗಿ ಹೋಗುತ್ತದೆ. ಆ ಒಂದು ಪಾಲು ಮತ್ತಷ್ಟು ಸೋರದಂತೆ ನೋಡಿಕೊಳ್ಳುವುದೇ ನಿರ್ವಹಣೆ.

ಹಳಿಯಾಳ ಭಾಗದಲ್ಲಿ ಈ ಕೆಲಸಕ್ಕೆ ಹೆಚ್ಚಿನ ಮಹತ್ವವಿದೆ. ಹಂಗಾಮಿನಲ್ಲಿ ಹೊಲದ ಕಚ್ಚಾ ದಾರಿಯಿಂದ ಇಐಡಿ ಪ್ಯಾರಿ ಸಕ್ಕರೆ ಕಾರ್ಖಾನೆಗೆ ಕಬ್ಬು ಬರುತ್ತದೆ. ದಾಂಡೇಲಿಯಲ್ಲಿ 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್‌ಗೆ ಕಟ್ಟಿಗೆ ಹೋಗುತ್ತದೆ, ಅಲ್ಲಿಂದ ಕಾಗದ ಹೊರಡುತ್ತದೆ. ಯಲ್ಲಾಪುರ ದಾಟಿ ಕರಾವಳಿಗೆ ಇಳಿಯುವ ಲಾರಿಗೆ ಅರಬೈಲ್ ಘಟ್ಟವಿದೆ. ಧೂಳು, ಮಳೆ, ಏರು ಮೂರೂ ಒಂದೇ ಗಾಡಿಯನ್ನು ಪರೀಕ್ಷಿಸುತ್ತವೆ.

ಮೊದಲು ಅಳತೆ

ರಿಪೇರಿಗೆ ಮುನ್ನ ಈಗಿನ ಮೈಲೇಜ್ ಎಷ್ಟೆಂದು ತಿಳಿದಿರಬೇಕು. ಟ್ಯಾಂಕ್ ಫುಲ್ ಮಾಡಿಸಿ, ಕಿಲೋಮೀಟರ್ ಬರೆದಿಟ್ಟು, ಮತ್ತೆ ಫುಲ್ ಮಾಡಿಸುವಾಗ ಹಿಡಿದ ಡೀಸೆಲ್‌ನಿಂದ ಓಡಿದ ದೂರವನ್ನು ಭಾಗಿಸಬೇಕು. ಒಂದೇ ಬಂಕು, ಒಂದೇ ದಾರಿ, ಹೆಚ್ಚುಕಡಿಮೆ ಒಂದೇ ಲೋಡು ಇದ್ದರೆ ಲೆಕ್ಕ ನಂಬುವಂತಿರುತ್ತದೆ. ತಿಂಗಳಿಗೆ 3,000 ಕಿ.ಮೀ. ಓಡುವ ಲಾರಿ ಲೀಟರಿಗೆ 4 ಕಿ.ಮೀ. ಕೊಟ್ಟರೆ 750 ಲೀಟರ್ ಬೇಕು. ಅದು 4.4ಕ್ಕೆ ಏರಿದರೆ 682 ಲೀಟರ್ ಸಾಕು. ಉಳಿತಾಯ 68 ಲೀಟರ್.

ಟೈರು ಮತ್ತು ಬ್ರೇಕು

ಕಡಿಮೆ ಖರ್ಚಿನ ಕೆಲಸ ಗಾಲಿಯಿಂದ ಶುರುವಾಗುತ್ತದೆ. ಹವಾ ಕಡಿಮೆಯಾದಷ್ಟೂ ಟೈರು ಹೆಚ್ಚು ಮಡಚಿ ಬಿಸಿಯಾಗುತ್ತದೆ. ಆ ಬಿಸಿಯ ಬೆಲೆಯನ್ನು ಡೀಸೆಲ್ ತೆರುತ್ತದೆ. ಎಲ್ಲ ಟೈರುಗಳಲ್ಲೂ ಒತ್ತಡ 10 ಪಿಎಸ್‌ಐ ಕಡಿಮೆಯಿದ್ದರೆ ಇಂಧನ ಶೇ 0.5ರಿಂದ 1ರಷ್ಟು ಹೆಚ್ಚು ಖರ್ಚಾಗುತ್ತದೆ. ಟೈರು ತಣ್ಣಗಿರುವಾಗಲೇ ಗೇಜ್ ಹಚ್ಚಬೇಕು. ಹಿಂದಿನ ಜೋಡಿ ಗಾಲಿಗಳಲ್ಲಿ ಒಳಗಿನ ಟೈರನ್ನು ಬಿಡಬಾರದು. ಮುಂದಿನ ಟೈರು ಒಂದೇ ಅಂಚಿನಲ್ಲಿ ಸವೆಯುತ್ತಿದ್ದರೆ ಅಲೈನ್‌ಮೆಂಟ್ ಕೆಟ್ಟಿರುವ ಸಾಧ್ಯತೆ ಹೆಚ್ಚು.

ಬ್ರೇಕ್ ಹಿಡಿದುಕೊಂಡಿರುವುದು ಚಾಲಕನ ಗಮನಕ್ಕೆ ಬೇಗ ಬರುವುದಿಲ್ಲ. ಸಮತಟ್ಟಾದ ದಾರಿಯಲ್ಲಿ ಓಡಿ ಬಂದ ಲಾರಿಯ ಒಂದು ಡ್ರಮ್ ಮಾತ್ರ ಉಳಿದವುಗಳಿಗಿಂತ ಬಿಸಿಯಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ, ಇಲ್ಲವೇ ಬೇರಿಂಗ್ ಬಿಗಿಯಾಗಿದೆ. ಜಾಕ್ ಕೊಟ್ಟು ಗಾಲಿ ತಿರುಗಿಸಿದರೆ ಯಾವುದೆಂದು ತಿಳಿಯುತ್ತದೆ.

ಗಾಳಿ ಮತ್ತು ಡೀಸೆಲ್

ಲೋಡಿನಲ್ಲಿ ಕಪ್ಪು ಹೊಗೆ ಬಂದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚಾಗಿದೆ ಎಂದರ್ಥ. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಗುರುತು. ಕಬ್ಬಿನ ಹಂಗಾಮಿನ ಧೂಳಿನಲ್ಲಿ ಏರ್ ಫಿಲ್ಟರ್ ಪುಸ್ತಕದಲ್ಲಿ ಹೇಳಿದ ಅವಧಿಗೆ ಮೊದಲೇ ಕಟ್ಟಬಹುದು. ಕಾಗದದ ಫಿಲ್ಟರಿಗೆ ಜೋರಾಗಿ ಗಾಳಿ ಹೊಡೆದರೆ ಅದು ಹರಿದು, ಧೂಳು ಲೈನರ್ ಸವೆಸುತ್ತದೆ, ಬದಲಿಸುವುದೇ ಲೇಸು. ಟರ್ಬೊ ಇರುವ ಗಾಡಿಯಲ್ಲಿ ಹೋಸುಗಳ ಬಿರುಕನ್ನೂ ನೋಡಬೇಕು.

ಮಳೆಗಾಲದಲ್ಲಿ ಡೀಸೆಲ್‌ಗೆ ನೀರು ಸೇರುವ ಭಯ ಹೆಚ್ಚು. ಅರೆ ಖಾಲಿ ಟ್ಯಾಂಕಿನಲ್ಲಿ ರಾತ್ರಿ ತೇವ ಹನಿಗಟ್ಟುವುದರಿಂದ ಸಂಜೆಯೇ ತುಂಬಿಸುವುದು ಒಳ್ಳೆಯದು. ವಾಟರ್ ಸೆಪರೇಟರ್‌ನ ನೀರನ್ನು ಆಗಾಗ ಬಿಡಬೇಕು. ಪೈಪಿನಿಂದ ಸೆಕೆಂಡಿಗೊಂದು ಹನಿ ಸೋರಿದರೂ ವರ್ಷಕ್ಕೆ ಸಾವಿರ ಲೀಟರ್ ಮೀರುತ್ತದೆ.

ಎಂಜಿನ್ ಕೆಲಸ

ಟ್ಯಾಪೆಟ್ ಅಂತರವನ್ನು ತಯಾರಕರು ಹೇಳಿದ ಅಳತೆಗೆ ಫೀಲರ್ ಗೇಜ್ ಇಟ್ಟೇ ಹೊಂದಿಸಬೇಕು. ಎಂಜಿನ್ ಬಿಸಿಯಾಗುತ್ತದೆಂದು ಥರ್ಮೋಸ್ಟಾಟ್ ಕಿತ್ತುಹಾಕುವ ರೂಢಿ ತಪ್ಪು. ಎಂಜಿನ್ ತಣ್ಣಗೇ ಓಡಿದರೆ ಡೀಸೆಲ್ ಪೂರ್ತಿ ಉರಿಯದೆ ಖರ್ಚು ಹೆಚ್ಚುತ್ತದೆ. ಬಿಸಿಗೆ ಕಾರಣವನ್ನು ರೇಡಿಯೇಟರ್, ಫ್ಯಾನ್ ಬೆಲ್ಟ್, ನೀರಿನ ಪಂಪುಗಳಲ್ಲಿ ಹುಡುಕಬೇಕು. ಏರಿನಲ್ಲಿ ಎಂಜಿನ್ ಸದ್ದು ಏರಿ ಗಾಡಿ ಮಾತ್ರ ಮುಂದೆ ಹೋಗದಿದ್ದರೆ ಕ್ಲಚ್ ಜಾರುತ್ತಿದೆ.

ನಾಝಲ್ ಮತ್ತು ಪಂಪಿನ ಸರದಿ ಕೊನೆಗೆ. ನಾಝಲ್ ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸಬೇಕು. ಸವೆದದ್ದು ಹನಿ ಉದುರಿಸುತ್ತದೆ. ಭಾರತದ ಡೀಸೆಲ್ ಗಾಡಿಗಳಿಗೆ ಇಂಜೆಕ್ಷನ್ ಪಂಪು ಒದಗಿಸಿ ಹೆಸರಾದದ್ದು ಬೆಂಗಳೂರಿನ ಮೈಕೊ. 1951ರಲ್ಲಿ ಶುರುವಾದ ಈ ಕಂಪನಿ 2008ರಲ್ಲಿ ಬಾಷ್ ಎಂಬ ಹೆಸರು ಪಡೆಯಿತು. ಹಳೆಯ ಪಂಪನ್ನು ಟೆಸ್ಟ್ ಬೆಂಚ್ ಇರುವ ಪಂಪ್ ರೂಮಿನಲ್ಲಿ ಕ್ಯಾಲಿಬ್ರೇಷನ್ ಮಾಡಿಸಬೇಕು. ಪಿಕಪ್ ಹೆಚ್ಚಲೆಂದು ಸೀಲ್ ಒಡೆದು ಡೀಸೆಲ್ ಹೆಚ್ಚಿಸಿದರೆ ಹೊಗೆಯೂ ಖರ್ಚೂ ಏರುತ್ತವೆ. ಕಾಮನ್ ರೈಲ್ ಎಂಜಿನ್‌ಗಳಲ್ಲಿ ಒತ್ತಡ ಸಾವಿರ ಬಾರ್ ಮೀರುವುದರಿಂದ ರಸ್ತೆ ಬದಿಯಲ್ಲಿ ಪೈಪ್ ಬಿಚ್ಚುವುದು ಅಪಾಯ. ಅವಕ್ಕೆ ಸ್ಕ್ಯಾನರ್ ಬೇಕು.

ಚಾಲನೆಯ ಪಾಲು

ಗಂಟೆಗೆ 45ರಿಂದ 55 ಕಿ.ಮೀ. ವೇಗದಲ್ಲಿ ಓಡಿಸಿ ಎಂಬುದು ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘದ ಹಳೆಯ ಸಲಹೆ. ಸಡಿಲ ತಾಡಪಾಲು ಗಾಳಿಗೆ ಅಡ್ಡಿಯಾಗುತ್ತದೆ, ಅದನ್ನು ಬಿಗಿಯಾಗಿ ಕಟ್ಟಬೇಕು. ಕಾರ್ಖಾನೆ ಗೇಟಿನ ಮುಂದೆ ಸರದಿಗೆ ಕಾಯುವಾಗ ಎಂಜಿನ್ ಆರಿಸಬೇಕು.

ಹಳೆಯ ಲಾರಿ ಕೊಂಡವರು ಟೈರು, ಬ್ರೇಕು, ಫಿಲ್ಟರ್, ಟ್ಯಾಪೆಟ್, ಕ್ಲಚ್, ಕೊನೆಗೆ ನಾಝಲ್ ಮತ್ತು ಪಂಪು ಎಂಬ ಕ್ರಮದಲ್ಲಿ ಹೋಗುವುದು ಲೇಸು. ಒಂದೊಂದು ಕೆಲಸವಾದ ಮೇಲೂ ಮೈಲೇಜ್ ಅಳೆದು ಬರೆದಿಡಲಿ. ಹಾಗೆ ಮಾಡಿದರೆ ಯಾವ ರಿಪೇರಿಗೆ ಹಾಕಿದ ಹಣ ಡೀಸೆಲ್‌ನಲ್ಲಿ ಮರಳಿತು ಎಂಬುದು ಅಂದಾಜಿಗೆ ಬಿಡುವ ಮಾತಾಗುವುದಿಲ್ಲ.