ಹಳೆಯ ಮಸೂರದ ಗುರುತು ಮತ್ತು ಸಮೀಪ ಛಾಯಾಚಿತ್ರಣ

ಕೃಷ್ಣಾ ತೀರದ ಉಗಾರ ಖುರ್ದ ಕಬ್ಬಿನ ಊರು. ಇಲ್ಲಿಯ ಸಕ್ಕರೆ ಕಾರ್ಖಾನೆ 1939ರಲ್ಲಿ ಸ್ಥಾಪಿತವಾದುದು. 2002ರಲ್ಲಿ ನೆರೆಯ ಸಾಂಗಲಿ ಜಿಲ್ಲೆಯಲ್ಲಿ ಕಾಣಿಸಿಕೊಂಡ ಬಿಳಿ ಉಣ್ಣೆಹೇನು ಅದೇ ವರ್ಷ ಉತ್ತರ ಕರ್ನಾಟಕದ ಕಬ್ಬಿಗೂ ಹಬ್ಬಿತು. ಸುಮಾರು ಎರಡು ಮಿಲಿಮೀಟರ್ ಗಾತ್ರದ ಈ ಹೇನಿನ ರಾಶಿಯಲ್ಲಿಯೇ ಅದನ್ನು ತಿಂದು ಬದುಕುವ ಡೀಫಾ ಪತಂಗದ ಮರಿಹುಳುವೂ ಮೈಕ್ರೋಮಸ್ ಕೀಟದ ಮರಿಯೂ ಇರುವುದುಂಟು. ಅವಸರದ ಕಣ್ಣಿಗೆ ಎಲ್ಲವೂ ಎಲೆಯಡಿಯ ಬೆಳ್ಳಗಿನ ಒಂದೇ ರಾಶಿ. ವಿಷ ಸಿಂಪಡಿಸಿದರೆ ಶತ್ರುವಿನೊಡನೆ ಮಿತ್ರನೂ ಸಾಯುತ್ತಾನೆ. ಆದುದರಿಂದ ಇವುಗಳ ಸ್ಪಷ್ಟವಾದ ಸಮೀಪಚಿತ್ರ ತರಗತಿಗೂ ಹೊಲಕ್ಕೂ ಬೇಕಾದ ವಸ್ತು.

ಅದಕ್ಕೆಂದೇ ತಯಾರಾದ ಮಸೂರಗಳ ಬೆಲೆ ಹೆಚ್ಚು. ಆದರೆ ಮುಚ್ಚಿಹೋದ ಸ್ಟುಡಿಯೋಗಳ, ಮುದ್ರಣಾಲಯಗಳ ಹಳೆಯ ಸಾಮಾನಿನಲ್ಲಿ ಕ್ಯಾಮರಾಕ್ಕೆ ಜೋಡಿಸುವ ಕಟ್ಟೇ ಇಲ್ಲದ ಮಸೂರಗಳು ಸಿಗುತ್ತವೆ. ಅಂಥದನ್ನು ಗುಜರಿಗೆ ಹಾಕುವ ಮುನ್ನ ಕೇಳಬೇಕಾದ ಪ್ರಶ್ನೆಯೊಂದೇ: ಇದು ಯಾವ ದೂರಕ್ಕಾಗಿ ರಚಿತವಾದುದು?

ಸಾಮಾನ್ಯ ಕ್ಯಾಮರಾ ಮಸೂರವನ್ನು ದೂರದ ವಸ್ತುವಿಗಾಗಿ ತಿದ್ದಿರುತ್ತಾರೆ. ಸಿನಿಮಾ ಪ್ರೊಜೆಕ್ಟರಿನ ಮಸೂರದಲ್ಲಿ ಸಾಮಾನ್ಯವಾಗಿ ಬೆಳಕಿನ ದ್ವಾರವನ್ನು ಕಿರಿದುಗೊಳಿಸುವ ಏರ್ಪಾಡಿಲ್ಲ. ಹಲವುಗಳಲ್ಲಿ ನಡುಭಾಗ ಚೂಪಾಗಿ ಅಂಚು ಮಸುಕಾಗುತ್ತದೆ. ನಿಜವಾಗಿ ಹುಡುಕತಕ್ಕವು ಎರಡು. ಒಂದು, ನೆಗೆಟಿವ್ ಹಿಗ್ಗಿಸುವ ಎನ್‌ಲಾರ್ಜರಿನ ಮಸೂರ. ಇನ್ನೊಂದು, ಪತ್ರಿಕೆಗಳಿಗೆ ಬ್ಲಾಕ್ ಮಾಡುತ್ತಿದ್ದ ಪ್ರೊಸೆಸ್ ಕ್ಯಾಮರಾದ ಮಸೂರ. ಸಪಾಟಾದ ಮೂಲಚಿತ್ರವನ್ನು ಸಮಗಾತ್ರದಲ್ಲಿ, ಅಂಚಿನವರೆಗೆ ಸ್ಪಷ್ಟವಾಗಿ ಹಿಡಿಯುವುದೇ ಅದರ ಕೆಲಸವಾಗಿತ್ತು. ಹೆಸರಿನ ಹಿಂದೆ ‘ಅಪೊ’ ಎಂದಿದ್ದರೆ (ಅಪೊ-ರೋನಾರ್, ಅಪೊ-ನಿಕ್ಕೋರ್), ಬಣ್ಣಬಣ್ಣದ ಕಿರಣಗಳನ್ನು ಒಂದೇ ತಾಣದಲ್ಲಿ ಕೂಡಿಸಲು ವಿಶೇಷವಾಗಿ ತಿದ್ದಿದ್ದೆಂದು ತಿಳಿಯಬೇಕು. ಕೊಳವೆಯ ಪಕ್ಕದಲ್ಲಿ ತಗಡಿನ ಬಿಲ್ಲೆ ತೂರಿಸುವ ಸೀಳಿದ್ದರೆ ಅದೂ ಈ ಕುಲದ ಲಕ್ಷಣವೇ.

ಅಕ್ಷರಗಳು ಅಳಿಸಿಹೋಗಿದ್ದರೆ ಸಂಗಮದೂರವನ್ನು ಅಳೆಯಬಹುದು. ದೀಪದ ಮುಂದೆ ಅಳತೆಪಟ್ಟಿಯನ್ನಿಟ್ಟು ಮಸೂರದ ಆಚೆಯ ಬಿಳಿ ಹಾಳೆಯ ಮೇಲೆ ಅದರ ಬಿಂಬವನ್ನು ಮೂಡಿಸಬೇಕು. ಬಿಂಬವು ವಸ್ತುವಿನಷ್ಟೇ ಗಾತ್ರಕ್ಕೆ ಬಂದಾಗ ವಸ್ತುವಿನಿಂದ ಹಾಳೆಯವರೆಗಿನ ದೂರ ಸುಮಾರಾಗಿ ಸಂಗಮದೂರದ ನಾಲ್ಕು ಪಟ್ಟು. 300 ಮಿಲಿಮೀಟರ್ ಬಂದರೆ ಮಸೂರ 75ರದು. ಒಳಗೆ ಎಷ್ಟು ಗಾಜುಗಳಿವೆಯೆಂಬುದನ್ನು ಬ್ಯಾಟರಿಯ ಬೆಳಕಿನಿಂದ ಊಹಿಸಬಹುದು: ಗಾಳಿಗೆ ತಾಗುವ ಪ್ರತಿಯೊಂದು ಮೈಯೂ ಒಂದು ಹೊಳಪನ್ನು ಮರಳಿಸುತ್ತದೆ. ಬಿಡಿಯಾದ ಮೂರು ಗಾಜುಗಳಿದ್ದರೆ ಹೊಳಪು ಆರು. ಅಂಟಿಸಿದ ಜೋಡಿಯಿದ್ದರೆ ಜೊತೆಗೊಂದು ಮಂದ ಹೊಳಪು. ನದಿ ತೀರದ ತೇವದಲ್ಲಿ ಬೂಸರು ಹತ್ತಿದೆಯೋ ಎಂದು ಇದೇ ಬೆಳಕಿನಲ್ಲಿ ನೋಡಿಬಿಡುವುದು ಲೇಸು. ಬೂಸರಿನ ಬೇರು ಗಾಜಿಗೆ ಕಚ್ಚಿದ್ದರೆ ಮಸೂರದ ಆಸೆ ಬಿಡುವುದೇ ಮೇಲು.

ಇನ್ನು ಜೋಡಣೆ. ಅನೇಕ ಎನ್‌ಲಾರ್ಜರ್ ಮಸೂರಗಳ ತಿರುಪು 39 ಮಿಲಿಮೀಟರಿನದು. ಅದನ್ನು 42ಕ್ಕೆ ಹೊಂದಿಸುವ ಬಳೆಯೂ ಕ್ಯಾಮರಾದ ನಡುವೆ ಸೇರಿಸುವ ಕೊಳವೆಗಳೂ ದೊರೆಯುತ್ತವೆ. ಪ್ರೊಸೆಸ್ ಮಸೂರಕ್ಕೆ ಪಿ.ವಿ.ಸಿ. ಪೈಪಿನ ತುಂಡೂ ಸಾಕು, ಒಳಮೈಗೆ ಹೊಳಪಿಲ್ಲದ ಕಪ್ಪು ಕಾಗದ ಅಂಟಿಸಬೇಕು. ಕೊಳವೆ ಎಷ್ಟು ಉದ್ದವೆಂಬುದಕ್ಕೆ ಲೆಕ್ಕವಿದೆ: ಸಮಗಾತ್ರದ ಬಿಂಬಕ್ಕೆ ಮಸೂರದಿಂದ ಫಿಲ್ಮಿಗೆ ಸಂಗಮದೂರದ ಎರಡರಷ್ಟು, ಐದು ಪಟ್ಟು ಬಿಂಬಕ್ಕೆ ಆರರಷ್ಟು. 240ರ ಪ್ರೊಸೆಸ್ ಮಸೂರಕ್ಕೆ ಸಮಗಾತ್ರದಲ್ಲಿಯೇ 480 ಮಿಲಿಮೀಟರ್ ಬೇಕಾಗುವುದರಿಂದ ಹೊಲದಲ್ಲಿ ಅದು ತೊಡಕಿನದು. ಆದರೆ ಕೀಟವೂ ಅಷ್ಟೇ ದೂರದಲ್ಲಿರುವುದರಿಂದ ಬೆದರುವುದಿಲ್ಲ. ಉಣ್ಣೆಹೇನಿಗೆ 50ರ ಎನ್‌ಲಾರ್ಜರ್ ಮಸೂರವೇ ಯೋಗ್ಯ: 300 ಮಿಲಿಮೀಟರಿನಲ್ಲಿ ಹೇನು ಫಿಲ್ಮಿನ ಮೇಲೆ ಹತ್ತು ಮಿಲಿಮೀಟರಾಗುತ್ತದೆ.

ಇಲ್ಲೊಂದು ಸೂಕ್ಷ್ಮವುಂಟು. ಎನ್‌ಲಾರ್ಜರಿನಲ್ಲಿ ಮಸೂರದ ಹಿಂಬದಿ ಚಿಕ್ಕ ನೆಗೆಟಿವ್ ಕಡೆಗೂ, ಮುಂಬದಿ ದೊಡ್ಡ ಕಾಗದದ ಕಡೆಗೂ ಇರುತ್ತದೆ. ಹೇನನ್ನು ಹಿಗ್ಗಿಸುವಾಗ ದೊಡ್ಡದಾಗುವುದು ಫಿಲ್ಮಿನ ಮೇಲಿನ ಬಿಂಬ. ಆದುದರಿಂದ ಮಸೂರವನ್ನು ತಿರುಗುಮುರುಗಾಗಿ, ಹೆಸರು ಕೆತ್ತಿದ ಬದಿ ಕ್ಯಾಮರಾದೊಳಕ್ಕೆ ಬರುವಂತೆ ಕೂಡಿಸಬೇಕು. ಸಮಗಾತ್ರಕ್ಕಿಂತ ಕಿರಿದಾದ ಬಿಂಬಕ್ಕೆ ಇದು ಬೇಡ.

ಬೆಳಕಿನ ವಿಷಯದಲ್ಲಿ ಜಿಪುಣತನ ಸಲ್ಲದು. ಸಮಗಾತ್ರದಲ್ಲಿ ನಾಲ್ಕು ಪಟ್ಟು, ಐದು ಪಟ್ಟು ವರ್ಧನೆಯಲ್ಲಿ ಮೂವತ್ತಾರು ಪಟ್ಟು ಬೆಳಕು ಬೇಕು. ಸ್ಪಷ್ಟತೆಯ ಆಳವೋ ಕೂದಲೆಳೆಯಷ್ಟು. ಗಾಳಿಗೆ ತೂಗುವ ಗರಿಯನ್ನು ಕತ್ತರಿಸಿ ತಂದು, ಮೇಜಿನ ಮೇಲೆ ಬಿಗಿದು, ಫ್ಲ್ಯಾಶ್ ದೀಪವನ್ನು ತೆಳು ಬಿಳಿ ಕಾಗದದ ಹಿಂದಿನಿಂದ ಹಾಯಿಸಿದರೆ, ಉಣ್ಣೆಯ ನಡುವೆ ಹುದುಗಿದ ಮೈಕ್ರೋಮಸ್ ಮರಿಯ ಕುಡುಗೋಲಿನಂಥ ದವಡೆಯನ್ನು ಬಿಡಿಸಿ ತೋರಿಸಬಹುದು.