ಹಂಪೆಯ ಪಾದಚಾರ: ಕಟ್ಟಡಗಳ ಹೆಸರೂ ಪ್ರಮಾಣಗಳ ಬಲಾಬಲವೂ

ವಿಜಯನಗರದ ಪ್ರಾಚೀನ ರಾಜಧಾನಿಯನ್ನು ವಿದ್ಯಾರ್ಥಿಗಳಿಗೆ ಕಾಲ್ನಡಿಗೆಯಲ್ಲಿ ತೋರಿಸುವ ಅಧ್ಯಾಪಕರು ನಮ್ಮ ನಾಡಿನಲ್ಲಿ ಅನೇಕರಿರುವರು. ನಾನೂ ಅವರಲ್ಲೊಬ್ಬನು. ಬಹುವರ್ಷಗಳ ಹಿಂದೆ ಹೇಮಕೂಟದ ಬಂಡೆಯ ಮೇಲೆ ಹುಡುಗರನ್ನು ನಿಲ್ಲಿಸಿ, ಅಲ್ಲಿಯ ಮೆಟ್ಟಲುಮೆಟ್ಟಲಾದ ಶಿಖರಗಳನ್ನು ತೋರಿಸಿ, “ಇವು ಜೈನ ಬಸದಿಗಳು” ಎಂದು ನಿಸ್ಸಂದೇಹವಾಗಿ ಹೇಳಿದೆನು. ಅದು ತಪ್ಪೆಂದು ತಿಳಿದುದು ಮೇಲೆ ಶಾಸನಪಾಠವನ್ನು ಓದಿದಾಗ. ಅಷ್ಟರಲ್ಲಿ ಆ ಹುಡುಗರು ಊರೂರಿಗೆ ಹೋಗಿ ತಾವೂ ಅಧ್ಯಾಪಕರಾಗಿದ್ದರು. ಈ ಲೇಖನವು ಆ ಋಣವನ್ನು ತೀರಿಸುವ ಪ್ರಯತ್ನವೆಂದು ವಾಚಕರು ಭಾವಿಸಬಹುದು.

ಪೂರ್ವಮೀಮಾಂಸೆಯಲ್ಲಿ ಯಾವುದು ಯಾವುದಕ್ಕೆ ಅಂಗವೆಂಬುದನ್ನು ನಿರ್ಣಯಿಸಲು ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯಾ ಎಂಬ ಆರು ಪ್ರಮಾಣಗಳುಂಟು. ಇವುಗಳಲ್ಲಿ ವಿರೋಧ ಬಂದರೆ ಹಿಂದಿನದು ಪ್ರಬಲ, ಮುಂದಿನದು ದುರ್ಬಲ. ಸಮಾಖ್ಯೆಯೆಂದರೆ ಹೆಸರು, ಅದು ಎಲ್ಲಕ್ಕಿಂತ ಕಡೆಯದು. ಯಜ್ಞಕ್ಕೆ ಹೇಳಿದ ಈ ನ್ಯಾಯವನ್ನು ಹಾಳುಪಟ್ಟಣಕ್ಕೂ ಅನ್ವಯಿಸಬಹುದೆಂದು ನನ್ನ ಅಭಿಪ್ರಾಯ. ಶಾಸನದ ಮಾತು ಇಲ್ಲಿ ಶ್ರುತಿಯ ಸ್ಥಾನದಲ್ಲಿದೆ. ಕಟ್ಟಡದ ಮೈಮೇಲಿನ ಗುರುತು ಲಿಂಗವು. ಅದು ನಿಂತಿರುವ ನೆಲೆಯು ಸ್ಥಾನವು. ಜನರು ಕರೆಯುವ ಹೆಸರು ಸಮಾಖ್ಯೆಯು. ಈ ನಾಲ್ಕನ್ನೇ ಹಿಡಿದು ನಡೆಯೋಣ.

ವಿರೂಪಾಕ್ಷ ದೇವಾಲಯದಿಂದ ಹೊರಡುವುದು ಉಚಿತವು. ಅಲ್ಲಿಯ 1510ನೆಯ ಇಸವಿಯ ಶಾಸನವು, ಕೃಷ್ಣದೇವರಾಯನು ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ ರಂಗಮಂಟಪವನ್ನೂ ಅದರ ಮುಂದಣ ಗೋಪುರವನ್ನೂ ಕಟ್ಟಿಸಿ, ಅದಕ್ಕೂ ಮುಂದಿರುವ ಹಿರಿಯ ಗೋಪುರವನ್ನು ಜೀರ್ಣೋದ್ಧಾರ ಮಾಡಿಸಿದನೆಂದು ತಿಳಿಸುತ್ತದೆ. ಬೀದಿಗೆ ಮುಖಮಾಡಿದ ಆ ಹಿರಿಯ ಗೋಪುರವನ್ನೂ ರಾಯನೇ ಕಟ್ಟಿಸಿದನೆಂದು ಹೇಳುವವರುಂಟು. ಶಾಸನವಾದರೋ ‘ಕಟ್ಟಿಸಿದುದು’ ‘ದುರಸ್ತು ಮಾಡಿಸಿದುದು’ ಎಂಬ ಭೇದವನ್ನು ಸ್ಪಷ್ಟವಾಗಿ ಕಾಣಿಸಿದೆ.

ದಕ್ಷಿಣಕ್ಕೆ ಬಂಡೆಯನ್ನೇರಿದರೆ ಹೇಮಕೂಟವು. ನಾನು ಬಸದಿಗಳೆಂದು ಹೇಳಿದ ಗುಡಿಗಳು ಇವೇ. ಇಲ್ಲಿಯ ಒಂದು ತ್ರಿಕೂಟಾಲಯದ ಶಾಸನವು, ಮುಮ್ಮಡಿ ಸಿಂಗೆಯನಾಯಕನ ಮಗನಾದ ವೀರ ಕಂಪಿಲದೇವನು ಶಿವಾಲಯವನ್ನು ಮಾಡಿಸಿ ಮೂರು ಲಿಂಗಗಳನ್ನು ಪ್ರತಿಷ್ಠಿಸಿದನೆಂದು ಸಾರುತ್ತದೆ. 1336ರಲ್ಲಿ ಸ್ಥಾಪಿತವಾಯಿತೆನ್ನುವ ವಿಜಯನಗರಕ್ಕಿಂತಲೂ ಇದು ಹಳೆಯದು. ಮೆಟ್ಟಲಿನಂಥ ಶಿಖರವು ಶೈವರಿಗೂ ಜೈನರಿಗೂ ಸಮಾನವಾದುದರಿಂದ, ಆ ಗುರುತೊಂದರಿಂದಲೇ ಮತವನ್ನು ನಿರ್ಣಯಿಸಲಾಗದು. ಬೇರೆಡೆಯ ಬಸದಿಗಳಲ್ಲಿ ಅಂಥ ಶಿಖರವನ್ನು ಕಂಡವರು ಇವಕ್ಕೂ ಆ ಹೆಸರನ್ನಿಟ್ಟಿರಬೇಕು.

ಗುಡ್ಡದಿಂದ ದಕ್ಷಿಣಕ್ಕಿಳಿದರೆ ಕೃಷ್ಣ ದೇವಾಲಯವು. ಉದಯಗಿರಿಯನ್ನು ಗೆದ್ದು ತಂದ ಬಾಲಕೃಷ್ಣನ ಪ್ರತಿಷ್ಠೆಯನ್ನು 1515ರ ಶಾಸನವು ಹೇಳುವುದು. ಇಲ್ಲಿ ಹೆಸರಿಗೂ ಶಾಸನಕ್ಕೂ ವಿರೋಧವಿಲ್ಲ. ಆದರೆ ಸ್ವಲ್ಪ ಮುಂದೆ, ಒಂದೇ ಬಂಡೆಯಲ್ಲಿ ಕಡೆದ, ಇಪ್ಪತ್ತು ಅಡಿಗೂ ಮಿಕ್ಕಿ ಎತ್ತರವಾದ ನರಸಿಂಹಮೂರ್ತಿಯ ಎದುರಿನಲ್ಲಿ ನಿಂತು ವಿಚಾರಿಸಬೇಕು. ಜನರು ‘ಉಗ್ರನರಸಿಂಹ’ನೆನ್ನುವರು. ಹೊರಚಾಚಿದ ಕಣ್ಣುಗಳನ್ನೂ ತೆರೆದ ಬಾಯನ್ನೂ ನೋಡಿದರೆ ಹೆಸರು ಸರಿಯೆಂದೇ ತೋರುವುದು. ಆದರೆ 1528ರಲ್ಲಿ ಪ್ರತಿಷ್ಠಿತನಾದವನು ಲಕ್ಷ್ಮೀನರಸಿಂಹನೆಂದು ಶಾಸನದಿಂದ ತಿಳಿಯಬರುತ್ತದೆ. ಲಿಂಗವೂ ಅದಕ್ಕೆ ಅನುಕೂಲವಾಗಿದೆ: ತೊಡೆಯ ಮೇಲೆ ಕುಳಿತಿದ್ದ ದೇವಿಯ ವಿಗ್ರಹವು ಒಡೆದುಹೋಗಿ, ಸ್ವಾಮಿಯನ್ನು ಬಳಸಿದ್ದ ಆಕೆಯ ಕೈಯೊಂದು ಮಾತ್ರ ಅವನ ಬೆನ್ನಿನ ಬಳಿ ಉಳಿದಿರುವುದು. ಸುತ್ತಿ ಹೋಗಿ ಹಿಂದಿನಿಂದ ನೋಡದವರಿಗೆ ಅದು ಕಾಣಿಸದು. ದೇವಿಯು ಜತೆಗಿದ್ದಾಗ ಪ್ರಸನ್ನನಾಗಿದ್ದವನು ಆಕೆಯನ್ನು ಕಳೆದುಕೊಂಡು ಉಗ್ರನಾದನು. ಎಂದರೆ, ಈ ಹೆಸರು ಶಿಲ್ಪಿಯದಲ್ಲ, ಭಂಜಕನದು. ನಾವು ವಿಚಾರವಿಲ್ಲದೆ ಅದನ್ನು ಉಚ್ಚರಿಸಿದಷ್ಟು ಸಲವೂ ಆ ಭಂಗವನ್ನೇ ಮೂಲರೂಪವೆಂದು ಒಪ್ಪಿದಂತಾಗುವುದು.

ಅಲ್ಲಿಂದ ಕಮಲಾಪುರದ ಕಡೆಗೆ ನಡೆದರೆ ಅರಮನೆಯ ನೆಲೆಗಳು ಮೊದಲಾಗುವುವು. ‘ಹಜಾರರಾಮ’ನ ಗುಡಿಯ ಗೋಡೆಗಳಲ್ಲಿ ರಾಮಾಯಣದ ಕಥೆಯನ್ನು ಸಾಲುಸಾಲಾಗಿ ಬಿಡಿಸಿರುವುದರಿಂದ, ಹಜಾರವೆಂದರೆ ಸಾವಿರವೆಂದು ಮಾರ್ಗದರ್ಶಕರು ಹೇಳುವರು. ಹಜಾರವೆಂದರೆ ಮೊಗಸಾಲೆಯೆಂದೂ, ಅರಮನೆಯ ಹಜಾರದ ಬಳಿಯ ರಾಮನಾದುದರಿಂದ ಈ ಹೆಸರೆಂದೂ ಹೇಳುವ ವಿದ್ವಾಂಸರುಂಟು. ಗುಡಿಯು ರಾಜಾವರಣಗಳ ನಡುವೆಯೇ ಇರುವುದರಿಂದ ಎರಡನೆಯ ಅರ್ಥಕ್ಕೆ ಸ್ಥಾನಪ್ರಮಾಣದ ಬೆಂಬಲವುಂಟು.

ಸಮೀಪದ ‘ಕಮಲಮಹಲು’, ‘ಆನೆಲಾಯ’, ಸ್ವಲ್ಪ ದೂರದ ‘ರಾಣಿಯ ಸ್ನಾನಗೃಹ’ ಇವುಗಳ ವಿಷಯದಲ್ಲಿ ಲಿಂಗಸ್ಥಾನಗಳೇ ನಮಗೆ ಗತಿ. ಆನೆಲಾಯದ ಹನ್ನೊಂದು ಕೋಣೆಗಳ ಎತ್ತರವೂ ಬಾಗಿಲುಗಳ ವಿಸ್ತಾರವೂ ಗಜಗಳಿಗೆ ತಕ್ಕಂತಿರುವುದರಿಂದ ಆ ಹೆಸರನ್ನು ಒಪ್ಪಲು ಅಡ್ಡಿಯಿಲ್ಲ. ಕಮಲಮಹಲಿನಲ್ಲಿ ಕೆಳಗೆ ಬಹಮನಿ ರೀತಿಯ ಕಮಾನುಗಳೂ ಮೇಲೆ ದೇವಾಲಯದ ಶಿಖರಗಳೂ ಕೂಡಿರುವುವು. ಯುದ್ಧಭೂಮಿಯಲ್ಲಿ ಶತ್ರುಗಳಾದವರ ವಾಸ್ತುವಿದ್ಯೆಯನ್ನು ಈ ಅರಸರು ಅರಮನೆಯೊಳಕ್ಕೆ ಆದರದಿಂದ ಬರಮಾಡಿಕೊಂಡರೆಂಬುದಕ್ಕೆ ಇದು ಪ್ರತ್ಯಕ್ಷ ಸಾಕ್ಷಿಯು. ಹದಿನೆಂಟನೆಯ ಶತಮಾನದ ಕೊನೆಯ ನಕ್ಷೆಯಲ್ಲಿ ಇದಕ್ಕೆ ಮಂತ್ರಾಲೋಚನೆಯ ಮಂದಿರವೆಂಬ ಹೆಸರಿರುವುದು. ಸ್ನಾನಗೃಹವಾದರೋ ರಾಣಿವಾಸವೆನ್ನುವ ಆವರಣದಿಂದ ದೂರವಿದ್ದು, ಯಾವ ರಾಣಿಯ ಗುರುತನ್ನೂ ಹೊತ್ತಿಲ್ಲ.

ಕಮಲಾಪುರದಿಂದ ಕಂಪಲಿಗೆ ಹೋಗುವ ದಾರಿಯಲ್ಲಿ ನಮ್ಮ ನಡಿಗೆ ಮುಗಿಯಲಿ. ಇಲ್ಲಿ ‘ಗಾಣಿಗಿತ್ತಿಯ ಗುಡಿ’ಯುಂಟು. ಮುಂದಣ ಕಂಬದ ಶಾಸನವು, ಇದನ್ನು ಎರಡನೆಯ ಹರಿಹರನ ಕಾಲದಲ್ಲಿ, ಶಕ 1307ರಲ್ಲಿ, ಇರುಗಪ್ಪ ದಂಡನಾಯಕನು ಕುಂಥುಜಿನನಾಥನಿಗಾಗಿ ಕಟ್ಟಿಸಿದನೆಂದು ಹೇಳುತ್ತದೆ. ಹೇಮಕೂಟದಲ್ಲಿ ಶಿವಾಲಯಕ್ಕೆ ಬಸದಿಯೆಂಬ ಹೆಸರು; ಇಲ್ಲಿ ನಿಜವಾದ ಬಸದಿಗೆ ಗಾಣಿಗಿತ್ತಿಯ ಹೆಸರು!

ರೂಢಿಯ ಹೆಸರುಗಳನ್ನು ಅಳಿಸಬೇಕೆಂಬುದು ನನ್ನ ಮತವಲ್ಲ. 1565ರ ಅನಂತರ ಅರಸರಿಲ್ಲದ ಊರನ್ನು ನೆನಪಿನಲ್ಲಿಟ್ಟುಕೊಂಡವರು ಆ ಹೆಸರುಗಳನ್ನಿಟ್ಟ ಜನರೇ. ದುರ್ಬಲಪ್ರಮಾಣವು ಅಪ್ರಮಾಣವಲ್ಲ, ಪ್ರಬಲವಾದುದರ ವಿರೋಧವಿಲ್ಲದೆಡೆ ಅದೂ ಗ್ರಾಹ್ಯವೇ. ಅಧ್ಯಾಪಕರು ಹೆಸರನ್ನು ಮೊದಲು ಹೇಳಲಿ. ಒಡನೆಯೇ ಅದಕ್ಕೆ ಆಧಾರವೇನೆಂಬುದನ್ನೂ ಹೇಳಲಿ. ಕಳೆದ ಸಾರಿ ಸ್ನಾನಗೃಹದ ಮುಂದೆ ಹುಡುಗಿಯೊಬ್ಬಳು, “ಯಾವ ರಾಣಿ, ಸ್ವಾಮಿ?” ಎಂದು ಕೇಳಿದಳು. “ಹೆಸರು ಮಾತ್ರ ಉಂಟಮ್ಮ, ಪ್ರಮಾಣವಿಲ್ಲ” ಎಂದೆನು. ಅವಳು ಅದನ್ನು ಹಾಗೆಯೇ ಬರೆದುಕೊಂಡಳು.