‘ತಪ್ಪು’ ಎನ್ನದ ಸಂಗೀತದ ಆಟ

ಮಗು ರಿಮೋಟನ್ನು ಗಾಳಿಯಲ್ಲಿ ಆಡಿಸುತ್ತದೆ. ಟಿ.ವಿ. ಪರದೆಯ ಮೇಲೆ ಗೊಂಬೆಯೊಂದು ಪಿಟೀಲು ನುಡಿಸುತ್ತದೆ. ಎಷ್ಟು ಅಡ್ಡಾದಿಡ್ಡಿ ಆಡಿಸಿದರೂ ‘ತಪ್ಪು’ ಎಂದು ಯಾರೂ ಗದರುವುದಿಲ್ಲ. ಮಗುವಿಗೆ ಖುಷಿಯೋ ಖುಷಿ. ‘ನಮ್ಮ ಕೂಸಿಗೆ ಸಂಗೀತ ಹತ್ತಿತು’ ಎಂದು ಪಾಲಕರಿಗೂ ಸಮಾಧಾನ. ನಿಜವಾಗಿ ಹತ್ತಿತೇ?

ಈ ಆಟದ ಹೆಸರು ‘ವೀ ಮ್ಯೂಸಿಕ್’. ಜಪಾನಿನ ನಿಂಟೆಂಡೊ ಕಂಪನಿ 2008ರಲ್ಲಿ ಹೊರತಂದದ್ದು. ‘ಮಾರಿಯೊ’ ಖ್ಯಾತಿಯ ಶಿಗೆರು ಮಿಯಾಮೊಟೊ ಇದರ ಹಿಂದಿದ್ದವರು. ಇದನ್ನು ಆಡಿಸುವ ‘ವೀ’ ಯಂತ್ರ ಈಗ ತಯಾರಾಗುತ್ತಿಲ್ಲ. ಆದರೆ ಇದೇ ಬಗೆಯ ಆಟಗಳು ಇಂದು ಮನೆಮನೆಯ ಮೊಬೈಲಿನಲ್ಲಿವೆ. ಆದ್ದರಿಂದ ಇದರ ಗುಣದೋಷ ತೂಗಿ ನೋಡುವುದು ಒಳ್ಳೆಯದು.

ಗುಣಗಳು

ಇದರಲ್ಲಿ ಸಿತಾರ್ ಸೇರಿ 60ಕ್ಕೂ ಹೆಚ್ಚು ವಾದ್ಯಗಳಿವೆ. ನಾಯಿಯ ವೇಷ ತೊಟ್ಟು ಬೊಗಳುವುದೂ ಇಲ್ಲಿ ಒಂದು ವಾದ್ಯವೇ! ನಾಲ್ಕು ಜನ ಕೂಡಿ ಆಡಬಹುದು. ಒಂದು ಹಾಡಿಗೆ ಆರು ಪಾತ್ರಗಳು: ಮುಖ್ಯ ಧಾಟಿ, ಅದರ ಜೊತೆಯ ಸ್ವರಗಳು, ಮಂದ್ರದ ನಾದ, ತಾಳವಾದ್ಯ ಹೀಗೆ. ಒಂದೊಂದನ್ನೇ ನುಡಿಸಿ ಜೋಡಿಸುತ್ತ ಹೋದಾಗ, ಹಾಡೆಂದರೆ ಹಲವರು ಒಬ್ಬರನ್ನೊಬ್ಬರು ಕೇಳಿಸಿಕೊಂಡು ಕಟ್ಟುವುದು ಎಂಬುದು ಮಗುವಿಗೆ ತಾನಾಗಿ ತಿಳಿಯುತ್ತದೆ. ಎರಡು ಸ್ವರಗಳಲ್ಲಿ ಯಾವುದು ಏರು ಎಂದು ಗುರುತಿಸುವ ಕಿವಿಯ ಪರೀಕ್ಷೆಯೂ ಇದೆ. ಎಲ್ಲಕ್ಕೂ ಮಿಗಿಲಾಗಿ, ಅಂಜುಬುರುಕ ಮಗುವೂ ಇಲ್ಲಿ ಅಂಜದೆ ಕೈ ಹಾಕುತ್ತದೆ.

ಕೊರತೆಗಳು

ಆ ಗುಣದ ಬೆನ್ನಿಗೇ ದೋಷವೂ ಇದೆ. ಧಾಟಿಗೆ ಹೊಂದುವ ಸ್ವರವನ್ನು ಬಹುಪಾಲು ಯಂತ್ರವೇ ಆರಿಸಿಕೊಡುತ್ತದೆ. ಯಾವಾಗ ನುಡಿಸಬೇಕು ಎಂಬುದಷ್ಟೇ ಮಗುವಿನ ಪಾಲು. ಅಂದರೆ ಲಯ ಮಗುವಿನದು, ಸ್ವರ ಯಂತ್ರದ್ದು. ಕೂಡಿ ನುಡಿಸಿದ ಮೇಲೆ ಅಂಕ ಕೊಡುವವರಾರು? ಆಡಿದವರೇ! ನೂರಕ್ಕೆ ನೂರು ಹಾಕಿಕೊಂಡರೂ ಕೇಳುವವರಿಲ್ಲ. ಹಾಡುಗಳೋ ಸುಮಾರು 50. ಅವುಗಳಲ್ಲಿ ಕನ್ನಡದ್ದು ಒಂದೂ ಇಲ್ಲ.

ಇನ್ನು ನಮ್ಮ ಊರಿನ ಕಡೆ ನೋಡೋಣ. ಹುಬ್ಬಳ್ಳಿಯಿಂದ ಧಾರವಾಡದ ದಾರಿ ಹಿಡಿದರೆ ಸಿಗುವ ಉಣಕಲ್‌ನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಗುರುಕುಲವಿದೆ. 2011ರಲ್ಲಿ ಆರಂಭವಾದ ಇಲ್ಲಿ ಗುರುವಿನ ಎದುರು ಕುಳಿತು ಹಿಂದುಸ್ತಾನಿ ಸಂಗೀತ ಕಲಿಯುವ ಕ್ರಮ. ಗಂಗೂಬಾಯಿಯವರು ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿಬರುತ್ತಿದ್ದರು. ಈ ಪದ್ಧತಿಯಲ್ಲಿ ತಂಬೂರಿಯ ಶ್ರುತಿಗೆ ‘ಸಾ’ ಸೇರುವವರೆಗೆ ಮುಂದಿನ ಮಾತಿಲ್ಲ. ಕೂದಲೆಳೆಯಷ್ಟು ಜಾರಿದರೂ ಗುರುವಿನ ಹುಬ್ಬು ಗಂಟಿಕ್ಕುತ್ತದೆ. ಹಾಗೆ ಜಾರಿ, ತಿದ್ದಿಕೊಂಡು, ಮತ್ತೆ ಜಾರಿಯೇ ಕಿವಿ ಹದವಾಗುವುದು. ತಪ್ಪನ್ನು ಮುಚ್ಚಿಡುವ ಯಂತ್ರ ಆ ಹದವನ್ನು ಕೊಡಲಾರದು.

ಆದರೆ ಇನ್ನೊಂದು ಮಾತನ್ನೂ ಮರೆಯುವಂತಿಲ್ಲ. ಮೊದಲ ವಾರವೇ ಬೈಸಿಕೊಂಡು ಸಂಗೀತದ ಪಾಠ ಬಿಟ್ಟ ಮಕ್ಕಳು ನಮ್ಮಲ್ಲಿ ಕಡಿಮೆಯೇನಿಲ್ಲ. ಅಂಥವರಿಗೆ ಇಂಥ ಆಟ ಬಾಗಿಲು ತೆರೆದೀತು.

ಪಾಲಕರು ಮಾಡಬೇಕಾದದ್ದು

ಆಟ ಕೊಟ್ಟು ಅಡುಗೆಮನೆಗೆ ನಡೆಯಬೇಡಿ; ಜೊತೆಗೆ ಕೂಡಿ. ಮಗು ನುಡಿಸುವಾಗ ನೀವು ಚಪ್ಪಾಳೆಯಲ್ಲಿ ತಾಳ ಹಾಕಿ. ಆಮೇಲೆ ಟಿ.ವಿ. ಆರಿಸಿ, ‘ಈಗ ಬಾಯಲ್ಲಿ ಅದನ್ನೇ ಹಾಡು ನೋಡೋಣ’ ಎನ್ನಿ. ಹಾಡು ತಪ್ಪಿದರೆ ನಗಬೇಡಿ, ಗದರಲೂ ಬೇಡಿ. ನೀವೂ ಒಮ್ಮೆ ಹಾಡಿ, ತಪ್ಪಿರಿ!

ತಾನು ತಪ್ಪಿದ್ದು ಮಗುವಿನ ಕಿವಿಗೇ ಕೇಳಿಸಿ, ‘ಇನ್ನೊಮ್ಮೆ ಹಾಡ್ತೀನಿ’ ಎಂದಿತೋ, ಆಟ ತನ್ನ ಕೆಲಸ ಮುಗಿಸಿತೆಂದು ತಿಳಿಯಿರಿ. ಅಲ್ಲಿಂದ ಮುಂದಿನ ದಾರಿ ಗುರುವಿನ ಮನೆಗೆ.